ಹೆಸರು ನಮ್ಮೂರದ್ದು, ಸರಕು ಯಾವೂರದ್ದು?

ಮೊಬೈಲ್ ತೆರೆದು 'ಬ್ಯಾಡಗಿ ಮೆಣಸಿನ ಪುಡಿ' ಅಂತ ಹುಡುಕಿ ನೋಡಿ. ಸಾಲುಸಾಲಾಗಿ ಪ್ಯಾಕೆಟ್‌ಗಳು ಬಂದು ನಿಲ್ಲುತ್ತವೆ. ಒಂದರ ಮೇಲೆ ರುಮಾಲು ಸುತ್ತಿದ ರೈತನ ಚಿತ್ರ, ಇನ್ನೊಂದರ ಮೇಲೆ ಒರಳುಕಲ್ಲಿನ ಮುಂದೆ ಕೂತ ಅಜ್ಜಿಯ ಚಿತ್ರ. 'ಅಪ್ಪಟ', 'ಹಳ್ಳಿಯಿಂದ ನೇರ', 'ನೂರಕ್ಕೆ ನೂರು ಶುದ್ಧ' ಎಂಬ ಮಾತುಗಳು. ಬೆಲೆ ದೊಡ್ಡ ಅಕ್ಷರದಲ್ಲಿ, ತೂಕ ಸಣ್ಣ ಅಕ್ಷರದಲ್ಲಿ. ಪ್ಯಾಕೆಟ್ಟಿನ ಹಿಂಭಾಗದ ಫೋಟೊ ಎಷ್ಟೋ ಕಡೆ ಇರುವುದೇ ಇಲ್ಲ. ಇದ್ದರೂ ಎಷ್ಟು ಹಿಗ್ಗಿಸಿದರೂ ಓದಲು ಬಾರದಷ್ಟು ಮಸುಕು.

ಮುಂಭಾಗದಲ್ಲಿ ಊರಿನ ಹೆಸರು ಇದೆ. ಆ ಮೆಣಸಿನಕಾಯಿ ಎಲ್ಲಿ ಬೆಳೆಯಿತು, ಯಾರು ಪುಡಿ ಮಾಡಿದರು, ಯಾರು ಪ್ಯಾಕ್ ಮಾಡಿದರು ಎನ್ನುವುದೆಲ್ಲ ಹಿಂಭಾಗದಲ್ಲಿ ಇರಬೇಕು. ಆ ಹಿಂಭಾಗವನ್ನೇ ನಮಗೆ ತೋರಿಸದೆ ದುಡ್ಡು ಇಸ್ಕೊಳ್ಳುವ ವ್ಯಾಪಾರದ ಬಗ್ಗೆ ಈ ಬರಹ.

ಆನ್‌ಲೈನ್‌ನಲ್ಲಿ ದಿನಸಿ ತರಿಸುವುದು ಈಗ ಪೇಟೆಯವರ ಶೋಕಿ ಮಾತ್ರ ಅಲ್ಲ. ಹೋಬಳಿ ಕೇಂದ್ರದವರೆಗೂ ಪಾರ್ಸೆಲ್ ಬೈಕ್ ಬರುತ್ತದೆ. ಊರಿನ ಹುಡುಗರು ಮನೆಗೆ ತುಪ್ಪ, ಗಾಣದ ಎಣ್ಣೆ, ಸಿರಿಧಾನ್ಯ, ಬೆಲ್ಲದ ಪುಡಿ ತರಿಸುತ್ತಾರೆ. ಅಂದರೆ ಬೆಳೆಯುವವರೂ ನಾವೇ, ಅದನ್ನು ಚೀಲ ಬದಲಿಸಿ ಹೆಸರು ಬದಲಿಸಿ ನಮಗೇ ಮಾರಿದಾಗ ಕೊಳ್ಳುವವರೂ ನಾವೇ. ಹಾಗಾಗಿ ಈ ಮೋಸದಲ್ಲಿ ಹಳ್ಳಿಯವರಿಗೆ ಎರಡು ಕಡೆಯಿಂದ ಪೆಟ್ಟು.

ಅಂಗಡಿ ಯಾರದ್ದು?

ಮೊದಲು ಒಂದು ವಿಷಯ ತಿಳಿದಿರಲಿ. ದೊಡ್ಡ ಆ್ಯಪ್‌ನಲ್ಲಿ ಕೊಂಡ ಮಾತ್ರಕ್ಕೆ ಆ ಕಂಪನಿಯೇ ನಿಮಗೆ ಮಾರಿತು ಅಂತ ಅಲ್ಲ. ಅದು ಸಂತೆ ಮೈದಾನ ಇದ್ದಂತೆ. ಅಲ್ಲಿ ಸಾವಿರಾರು ಮಂದಿ ಮಾರಾಟಗಾರರು ತಮ್ಮ ತಮ್ಮ ತಟ್ಟು ಹಾಸಿಕೊಂಡು ಕೂತಿರುತ್ತಾರೆ. ಜಿಎಸ್‌ಟಿ ನಂಬರು, ಆಹಾರ ಪರವಾನಗಿ, ಬ್ಯಾಂಕ್ ಖಾತೆ ಇದ್ದರೆ ಅಂಗಡಿ ಇಡಬಹುದು. ಅವರಲ್ಲಿ ಸ್ವಂತ ಬೆಳೆದು ಸ್ವಂತ ಪ್ಯಾಕ್ ಮಾಡುವವರೂ ಇದ್ದಾರೆ. ಸಗಟು ಮಂಡಿಯಿಂದ ಮೂಟೆ ತಂದು ಅರ್ಧ ಕೆಜಿ ಪೊಟ್ಟಣ ಕಟ್ಟಿ, ಚಂದದ ಲೇಬಲ್ ಅಂಟಿಸಿ ಮಾರುವವರೂ ಇದ್ದಾರೆ.

ಮೂಟೆ ತಂದು ಪೊಟ್ಟಣ ಕಟ್ಟುವುದು ತಪ್ಪಲ್ಲ. ನಮ್ಮ ಊರಿನ ಶೆಟ್ಟರ ಅಂಗಡಿಯೂ ಅದನ್ನೇ ಮಾಡುತ್ತದೆ. ಆದರೆ ಶೆಟ್ಟರು 'ಇದು ನನ್ನ ಹೊಲದ್ದು' ಅನ್ನುವುದಿಲ್ಲ. ಕೇಳಿದರೆ 'ಇದು ದಾವಣಗೆರೆ ಮಾಲು, ಇದು ಆಂಧ್ರದ್ದು' ಅಂತ ಬಿಡಿಸಿ ಹೇಳುತ್ತಾರೆ. ಫೋನ್ ಪರದೆಯ ಮೇಲೆ ಕೇಳುವುದು ಯಾರನ್ನು? ಅಲ್ಲಿ ಮುಟ್ಟಿ ನೋಡುವಂತಿಲ್ಲ, ಮೂಸಿ ನೋಡುವಂತಿಲ್ಲ, ಒಂದು ಕಾಳು ಬಾಯಿಗೆ ಹಾಕಿ ಕಡಿಯುವಂತಿಲ್ಲ. ಅಲ್ಲಿರುವುದು ಹೆಸರು ಮತ್ತು ಚಿತ್ರ ಎರಡೇ. ಆ ಎರಡೂ ಸುಳ್ಳಾದರೆ ಕೊಳ್ಳುವವನ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಗ್ರಾಂ ಲೆಕ್ಕದ ಜಾಣತನ

ಬೆಲೆಯಿಂದ ಶುರು ಮಾಡೋಣ. 400 ಗ್ರಾಂ ಪ್ಯಾಕೆಟ್ಟು, 149 ರೂಪಾಯಿ ಎಂದಿಟ್ಟುಕೊಳ್ಳಿ. ನೋಡಲು ಅರ್ಧ ಕೆಜಿ ಪ್ಯಾಕೆಟ್ಟಿನ ಹಾಗೇ ಇರುತ್ತದೆ. ಕೆಜಿಗೆ ಲೆಕ್ಕ ಹಾಕಿದರೆ 372 ರೂಪಾಯಿ 50 ಪೈಸೆ. ಕಾನೂನಿನ ಪ್ರಕಾರ ಪ್ಯಾಕೆಟ್ಟಿನ ಮೇಲೆ ಬಿಡಿ ಅಳತೆಯ ಬೆಲೆಯನ್ನೂ ನಮೂದಿಸಬೇಕು. ಆದರೆ ಒಂದು ಕೆಜಿಗಿಂತ ಕಡಿಮೆ ತೂಕದ್ದಾದರೆ ಅದನ್ನು ಗ್ರಾಂಗೆ ಇಷ್ಟು ಅಂತ ಬರೆಯುತ್ತಾರೆ. ಗ್ರಾಂಗೆ 37 ಪೈಸೆ ಅಂದರೆ ಯಾರಿಗೂ ಏನೂ ಅನ್ನಿಸುವುದಿಲ್ಲ. ಕೆಜಿಗೆ 370 ಅಂದಾಗ ಎದೆ ಝಲ್ಲೆನ್ನುತ್ತದೆ. ಎರಡೂ ಒಂದೇ ಲೆಕ್ಕ.

ಇನ್ನೊಂದು ಆಟ, ಗೀಟು ಎಳೆದ ಎಂಆರ್‌ಪಿ. 599 ಎಂದು ಬರೆದು ಅಡ್ಡಗೀಟು ಎಳೆದು ಪಕ್ಕದಲ್ಲಿ 299 ಎಂದು ತೋರಿಸುತ್ತಾರೆ. ಅರ್ಧಕ್ಕರ್ಧ ರಿಯಾಯಿತಿ ಸಿಕ್ಕಿತು ಅಂತ ನಾವು ಖುಷಿಪಡುತ್ತೇವೆ. ಆ 599ಕ್ಕೆ ಆ ಸರಕನ್ನು ಯಾರಾದರೂ ಯಾವತ್ತಾದರೂ ಕೊಂಡಿದ್ದರೇ? ಪಾರ್ಸೆಲ್ ಬಂದ ಮೇಲೆ ಪ್ಯಾಕೆಟ್ಟಿನ ಮೇಲೆ ಮುದ್ರಿಸಿದ ಎಂಆರ್‌ಪಿಗೂ ಆ್ಯಪ್‌ನಲ್ಲಿ ತೋರಿಸಿದ ಎಂಆರ್‌ಪಿಗೂ ತಾಳೆ ಹಾಕಿ ನೋಡಿ. ಮುದ್ರಿಸಿದ ಎಂಆರ್‌ಪಿಗಿಂತ ಸರಕಿಗೆ ಹೆಚ್ಚು ತೆಗೆದುಕೊಂಡಿದ್ದರೆ ಅದು ಕಾನೂನು ಉಲ್ಲಂಘನೆ. ಸಾಗಣೆ ಶುಲ್ಕ ಬೇರೆ ಹಾಕಬಹುದು, ಆದರೆ ಅದನ್ನು ಬೇರೆಯಾಗಿಯೇ ತೋರಿಸಬೇಕು. ಊರಿನ ಅಂಗಡಿಯಲ್ಲಿ ಸಿಗುವ ಮಾಮೂಲಿ ಪ್ಯಾಕೆಟ್ಟುಗಳನ್ನು ಎರಡು, ಮೂರು, ನಾಲ್ಕರ ಕಟ್ಟು ಮಾಡಿ 'ಕಾಂಬೊ' ಎಂದು ಹೆಸರಿಟ್ಟು, ಒಟ್ಟು ಎಂಆರ್‌ಪಿಗಿಂತ ಜಾಸ್ತಿ ಬೆಲೆ ಹಾಕುವುದು ಇದೇ ಆಟದ ಇನ್ನೊಂದು ರೂಪ.

ಹೆಸರು ಕದಿಯುವ ವ್ಯಾಪಾರ

ಬೆಲೆಯ ಮೋಸ ಲೆಕ್ಕ ಹಾಕಿದರೆ ಸಿಕ್ಕಿಬೀಳುತ್ತದೆ. ಹೆಸರಿನ ಮೋಸ ಹಾಗಲ್ಲ.

2024ರ ಜನವರಿ ನೆನಪಿದೆಯೇ? ಅಯೋಧ್ಯೆಯಲ್ಲಿ ಪ್ರಾಣಪ್ರತಿಷ್ಠೆ ಇನ್ನೂ ಆಗಿರಲಿಲ್ಲ. ಅಷ್ಟರೊಳಗೆ 'ಶ್ರೀರಾಮ ಮಂದಿರ ಅಯೋಧ್ಯಾ ಪ್ರಸಾದ' ಎಂಬ ಹೆಸರಿನಲ್ಲಿ ತುಪ್ಪದ ಲಾಡು, ಪೇಡ ಆನ್‌ಲೈನ್‌ನಲ್ಲಿ ಮಾರಾಟಕ್ಕೆ ಬಂದಿದ್ದವು. ವ್ಯಾಪಾರಿಗಳ ಒಕ್ಕೂಟ ದೂರು ಕೊಟ್ಟಿತು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಅಮೆಜಾನ್‌ಗೆ ನೋಟಿಸ್ ಕೊಟ್ಟು ಏಳು ದಿನದಲ್ಲಿ ಉತ್ತರ ಕೇಳಿತು. ಆ ಸರಕುಗಳನ್ನು ಆ್ಯಪ್‌ನಿಂದ ತೆಗೆದರು. ಮಾಮೂಲಿ ಮಿಠಾಯಿಗೆ 'ಪ್ರಸಾದ' ಅಂತ ಹೆಸರಿಟ್ಟರೆ ಸಾಕು, ಜನ ಪ್ರಶ್ನೆ ಕೇಳದೆ ಕೊಳ್ಳುತ್ತಾರೆ ಎನ್ನುವುದು ಮಾರುವವರಿಗೆ ಗೊತ್ತಿತ್ತು. ದೇವರ ಹೆಸರನ್ನೇ ಬಿಡದವರು ನಮ್ಮ ಊರಿನ ಹೆಸರು ಬಿಡುತ್ತಾರೆಯೇ?

ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿಕೆ, ಅಂದರೆ ಜಿಐ ಮಾನ್ಯತೆ ಸಿಕ್ಕಿತು. ಕಡು ಕೆಂಪು ಬಣ್ಣ, ನೆರಿಗೆ ಬಿದ್ದ ಸಿಪ್ಪೆ, ಕಡಿಮೆ ಖಾರ ಅದರ ಗುರುತು. ಇಡೀ ಕಾಯಿ ಆದರೆ ನೋಡಿದ ಕೂಡಲೇ ಗೊತ್ತಾಗುತ್ತದೆ. ಪುಡಿಯಾದ ಮೇಲೆ? ಬೇರೆ ಕಾಯಿಯ ಪುಡಿ ಬೆರೆಸಿ ಮೇಲೆ 'ಬ್ಯಾಡಗಿ' ಎಂದು ಬರೆದರೆ ಪರದೆಯ ಮೇಲೆ ಯಾರು ಕಂಡುಹಿಡಿಯಬೇಕು?

ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಸಿಕ್ಕಿದೆ. ಅಲ್ಲಿನ ಮಣ್ಣಿನಿಂದಾಗಿ ಬೇಳೆಗೆ ಬೇರೆಯದೇ ರುಚಿ ಎನ್ನುತ್ತಾರೆ. ಅದೇ ಹೊತ್ತಿಗೆ ನಮ್ಮ ದೇಶ ಮೊಜಾಂಬಿಕ್, ಮ್ಯಾನ್ಮಾರ್, ತಾಂಜಾನಿಯಾಗಳಿಂದ ತೊಗರಿ ಆಮದು ಮಾಡಿಕೊಳ್ಳುತ್ತದೆ. ಬೇಳೆಯಾಗಿ ಪಾಲಿಶ್ ಆದ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟರೆ ಬೆಳೆದವನೇ ಗುರುತು ಹಿಡಿಯುವುದು ಕಷ್ಟ. ಕೊಡಗಿನ ಅರೇಬಿಕಾ ಕಾಫಿಗೂ ಜಿಐ ಇದೆ. ಆದರೆ 'ಕೊಡಗಿನ ಕಾಫಿ' ಎಂದು ಕೊಂಡ ಪ್ಯಾಕೆಟ್ಟಿನ ಹಿಂದೆ ಚಿಕೋರಿಯ ಪ್ರಮಾಣ ಎಷ್ಟಿದೆ ನೋಡಿದ್ದೀರಾ? ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ಶೇ 51ಕ್ಕಿಂತ ಕಡಿಮೆ ಇರಬಾರದು, ಎರಡರ ಪ್ರಮಾಣವನ್ನೂ ಲೇಬಲ್ ಮೇಲೆ ಬರೆಯಬೇಕು ಎಂಬ ನಿಯಮ ಇದೆ. ಅಂದರೆ ಅರ್ಧದಷ್ಟು ಚಿಕೋರಿ ಇರುವ ಪುಡಿಗೂ ಮುಂಭಾಗದಲ್ಲಿ ಕೊಡಗಿನ ಬೆಟ್ಟದ ಚಿತ್ರ ಹಾಕಬಹುದು.

ಜಿಐ ಕಾಯ್ದೆ 1999ರಲ್ಲಿ ಆಯಿತು. ನೋಂದಾಯಿತ ಹೆಸರನ್ನು ಬಳಸಲು ಅಧಿಕೃತ ಬಳಕೆದಾರರಾಗಿ ನೋಂದಣಿ ಆಗಿರಬೇಕು. ಆದರೆ ಆ್ಯಪ್‌ನಲ್ಲಿ ಸರಕು ಏರಿಸುವಾಗ 'ನೀವು ನೋಂದಾಯಿತರೇ, ದಾಖಲೆ ತೋರಿಸಿ' ಎಂದು ಕೇಳಿ ತಡೆಯುವ ಗೇಟು ಇದ್ದಿದ್ದರೆ ಊರಿನ ಹೆಸರನ್ನು ಇಷ್ಟು ಸಲೀಸಾಗಿ ಯಾರೂ ಲೇಬಲ್ ಮೇಲೆ ಹಾಕಿಕೊಳ್ಳುತ್ತಿರಲಿಲ್ಲ.

ಪುಣ್ಯದ ಮಾತುಗಳು

ಮೂರನೆಯದು ಗುಣದ ಮೋಸ. ಸಾವಯವ, ಎ2, ಗಾಣದ್ದು, ನೈಸರ್ಗಿಕ, ಅಜ್ಜಿ ಕಾಲದ್ದು, ಮನೆಯಲ್ಲೇ ಮಾಡಿದ್ದು. ಈ ಮಾತು ಸೇರಿದ ಕೂಡಲೇ ಬೆಲೆ ಎರಡು ಪಟ್ಟು, ಮೂರು ಪಟ್ಟು.

'ಸಾವಯವ' ಎಂದು ಸುಮ್ಮನೆ ಬರೆದುಕೊಳ್ಳುವಂತಿಲ್ಲ. 2017ರ ಸಾವಯವ ಆಹಾರ ನಿಯಮಗಳ ಪ್ರಕಾರ ಎನ್‌ಪಿಒಪಿ ಅಥವಾ ಪಿಜಿಎಸ್-ಇಂಡಿಯಾ, ಈ ಎರಡರಲ್ಲಿ ಒಂದು ಪ್ರಮಾಣಪತ್ರ ಬೇಕು. 'ಜೈವಿಕ್ ಭಾರತ್' ಎಂಬ ಗುರುತು ಪ್ಯಾಕೆಟ್ ಮೇಲೆ ಇರಬೇಕು. ನೇರವಾಗಿ ಗ್ರಾಹಕರಿಗೆ ಮಾರುವ ಸಣ್ಣ ರೈತರಿಗೆ ವಿನಾಯಿತಿ ಇದೆ, ಅದು ಸರಿಯಾದದ್ದೇ. ಆದರೆ ಮಂಡಿಯ ಮೂಟೆ ಬಿಚ್ಚಿ ಪೊಟ್ಟಣ ಕಟ್ಟುವವರಿಗೆ ಆ ವಿನಾಯಿತಿ ಇಲ್ಲ.

ಎ2 ಕಥೆ ಇನ್ನೂ ವಿಚಿತ್ರ. 2024ರ ಆಗಸ್ಟ್ 21ರಂದು ಆಹಾರ ಸುರಕ್ಷತಾ ಪ್ರಾಧಿಕಾರ, ಅಂದರೆ ಎಫ್‌ಎಸ್‌ಎಸ್‌ಎಐ, ಹಾಲು ಮತ್ತು ಹಾಲಿನ ಉತ್ಪನ್ನಗಳ ಮೇಲೆ 'ಎ1', 'ಎ2' ಎಂದು ಬರೆಯುವುದು ದಾರಿ ತಪ್ಪಿಸುವಂಥದ್ದು, ತೆಗೆಯಿರಿ, ಆನ್‌ಲೈನ್‌ನಿಂದಲೂ ತೆಗೆಸಿ ಎಂದಿತು. ಐದೇ ದಿನದಲ್ಲಿ ಆ ಆದೇಶವನ್ನು ವಾಪಸ್ ಪಡೆಯಿತು. ಎ2 ಎನ್ನುವುದು ಹಾಲಿನ ಪ್ರೋಟೀನಿಗೆ ಸಂಬಂಧಪಟ್ಟ ಮಾತು. ತುಪ್ಪದಲ್ಲಿ ಇರುವುದು ಬಹುಪಾಲು ಕೊಬ್ಬು. ಹಾಗಿದ್ದೂ ತುಪ್ಪದ ಡಬ್ಬಿಯ ಮೇಲೆ ಎ2 ಎಂದು ಬರೆದು ಕೆಜಿಗೆ ಸಾವಿರಾರು ರೂಪಾಯಿ ಕೇಳುವ ವ್ಯಾಪಾರ ನಡೆದೇ ಇದೆ.

ಇಲ್ಲಿ ಒಂದು ಸೂಕ್ಷ್ಮ ಗಮನಿಸಿ. ಮಾಮೂಲಿ ಕಲಬೆರಕೆಯವನು ಅಗ್ಗದ ಬೆಲೆ ತೋರಿಸಿ ಕರೆಯುತ್ತಾನೆ. ಹೆಸರು ಬದಲಿಸುವವನು ದುಬಾರಿ ಬೆಲೆ ತೋರಿಸಿ ಕರೆಯುತ್ತಾನೆ. 'ಇಷ್ಟು ದುಡ್ಡು ಹೇಳುತ್ತಾನೆ ಅಂದಮೇಲೆ ಅಸಲಿಯೇ ಇರಬೇಕು' ಎಂಬ ನಮ್ಮ ನಂಬಿಕೆಯೇ ಅವನ ಬಂಡವಾಳ. ಅವನ ಪಾಲಿಗೆ ಹೆಚ್ಚಿನ ಬೆಲೆ ಬರೀ ಲಾಭ ಅಲ್ಲ, ಅದೇ ಜಾಹೀರಾತು. ಆದ್ದರಿಂದ ಬೆಲೆ ನೋಡಿ ಗುಣ ಅಳೆಯುವುದನ್ನು ಮೊದಲು ಬಿಡಬೇಕು. ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುವ ಮಾತು ಬೆಲೆಗೂ ಸಲ್ಲುತ್ತದೆ.

ಅಡುಗೆಮನೆಯ ಲೆಕ್ಕ

ಹಳ್ಳಿಯವರಿಗೆ ಪೇಟೆಯವರಿಗಿಲ್ಲದ ಒಂದು ಅನುಕೂಲ ಇದೆ. ಸರಕು ಹೇಗೆ ಆಗುತ್ತದೆ ಎನ್ನುವುದು ನಮಗೆ ಗೊತ್ತು.

ಗಾಣದಲ್ಲಿ ಒಂದು ಲೀಟರ್ ಕಡಲೆಕಾಯಿ ಎಣ್ಣೆಗೆ ಸುಮಾರು ಎರಡೂವರೆ ಕೆಜಿ ಬೀಜ ಬೇಕು. ಬೀಜ ಕೆಜಿಗೆ 120 ರೂಪಾಯಿ ಎಂದಿಟ್ಟುಕೊಂಡರೆ ಬೀಜಕ್ಕೇ 300 ಆಯಿತು. ಹಿಂಡಿ ಮಾರಿ ಸ್ವಲ್ಪ ಬರುತ್ತದೆ, ಗಾಣದ ಕೂಲಿ, ಬಾಟಲಿ, ಸಾಗಣೆಗೆ ಅದಕ್ಕಿಂತ ಹೆಚ್ಚು ಹೋಗುತ್ತದೆ. ಹೀಗಿರುವಾಗ 'ಮರದ ಗಾಣದ ಅಪ್ಪಟ ಎಣ್ಣೆ' 200 ರೂಪಾಯಿಗೆ ಮನೆಬಾಗಿಲಿಗೆ ಬಂದರೆ ಅದು ಯಾವ ಗಾಣ? ಆಕಳ ಹಾಲಿನಲ್ಲಿ ಕೊಬ್ಬು ಶೇ 4ರ ಆಸುಪಾಸು. ಒಂದು ಕೆಜಿ ತುಪ್ಪಕ್ಕೆ ಕಡಿಮೆಯೆಂದರೂ 25 ಲೀಟರ್ ಹಾಲು ಬೇಕು. ಲೀಟರಿಗೆ 35 ರೂಪಾಯಿ ಹಿಡಿದರೂ ಹಾಲಿಗೇ 875 ರೂಪಾಯಿ. ದೇಸಿ ಹಸುವಿನ ತುಪ್ಪ ಕೆಜಿಗೆ 500 ಎಂದು ಕಂಡರೆ ಅದನ್ನು ದಾಟಿ ಮುಂದೆ ಹೋಗಿ. ಹಾಗಂತ 2,500 ಎಂದು ಕಂಡರೆ ನಂಬಲೂಬೇಡಿ. ಅಗ್ಗದ್ದು ಸುಳ್ಳು ಎಂದು ಲೆಕ್ಕ ಹೇಳುತ್ತದೆ, ದುಬಾರಿಯದ್ದು ನಿಜ ಎಂದು ಯಾವ ಲೆಕ್ಕವೂ ಹೇಳುವುದಿಲ್ಲ.

ರಾಗಿಯನ್ನೇ ನೋಡಿ. 2025-26ನೇ ಸಾಲಿಗೆ ಕೇಂದ್ರ ನಿಗದಿ ಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ. ಕೆಜಿಗೆ 49 ರೂಪಾಯಿಗೂ ಒಂದಿಷ್ಟು ಪೈಸೆ ಕಡಿಮೆ. ಅದೇ ರಾಗಿ 'ಪುರಾತನ ಸೂಪರ್‌ಫುಡ್' ಎಂಬ ಹೆಸರಿನ ಅರ್ಧ ಕೆಜಿ ಹಿಟ್ಟಿನ ಪೊಟ್ಟಣವಾಗಿ 120 ರೂಪಾಯಿಗೆ ಮಾರಾಟವಾದರೆ ಕೆಜಿಗೆ 240 ಆಯಿತು. ಬೆಳೆದವನಿಗೆ ಸಿಕ್ಕಿದ್ದರ ಐದು ಪಟ್ಟು. ನಡುವೆ ಶುದ್ಧ ಮಾಡಿ ಬೀಸಿ ಪೊಟ್ಟಣ ಕಟ್ಟಿದ್ದಾರೆ, ಒಪ್ಪೋಣ. ಆ ಕೆಲಸಕ್ಕೆ 190 ರೂಪಾಯಿ ಬೇಕೇ ಎನ್ನುವುದು ಪ್ರಶ್ನೆ.

ದುಬಾರಿ ಎಂದರೆ ಮೋಸ ಅಲ್ಲ

ಇಲ್ಲಿ ನ್ಯಾಯವಾಗಿ ಇನ್ನೊಂದು ಕಡೆಯ ಮಾತೂ ಹೇಳಬೇಕು. ಆನ್‌ಲೈನ್ ಮಾರಾಟಕ್ಕೆ ಖರ್ಚು ಇದೆ. ಆ್ಯಪ್‌ನವರ ಕಮಿಷನ್, ಪೆಟ್ಟಿಗೆ, ಕೊರಿಯರ್, ವಾಪಸ್ ಬಂದ ಮಾಲಿನ ನಷ್ಟ, ಜಾಹೀರಾತಿನ ದುಡ್ಡು. ಒಂದು ಕೆಜಿ ಹಿಟ್ಟನ್ನು ಹಾಸನದಿಂದ ದಿಲ್ಲಿಗೆ ಕಳಿಸುವ ಕೊರಿಯರ್ ಖರ್ಚು ಹಿಟ್ಟಿನ ಬೆಲೆಯನ್ನೇ ಮೀರಬಹುದು. ರಾಸಾಯನಿಕ ಹಾಕದೆ ಬೆಲ್ಲ ಮಾಡುವ ಆಲೆಮನೆಯವನಿಗೆ ಬಣ್ಣ ಕಪ್ಪಾಗುತ್ತದೆ, ಖರ್ಚು ಹೆಚ್ಚಾಗುತ್ತದೆ. ಅವನು ಹೆಚ್ಚು ಕೇಳಿದರೆ ಅದು ಅವನ ಹಕ್ಕು. ಇಂಥದ್ದಕ್ಕೆ ಹೆಚ್ಚು ಕೊಟ್ಟು ಕೊಳ್ಳುವವರು ಇದ್ದರೆ ರೈತನಿಗೇ ಒಳ್ಳೆಯದು.

ಹಾಗೆಯೇ ಮೋಸ ಆನ್‌ಲೈನ್‌ನಲ್ಲಿ ಮಾತ್ರ ಇದೆ ಎನ್ನುವುದೂ ಸುಳ್ಳು. 2021ರ ಡಿಸೆಂಬರಿನಲ್ಲಿ ಮೈಸೂರಿನ ಬಳಿ ನಕಲಿ ನಂದಿನಿ ತುಪ್ಪ ತಯಾರಿಸುವ ಜಾಲವೇ ಸಿಕ್ಕಿಬಿದ್ದಿತ್ತು. ಬೆಲ್ಲ ಬೆಳ್ಳಗಾಗಲಿ ಎಂದು ಹೈಡ್ರೋಸ್ ಸುರಿಯುವುದು, ಸಕ್ಕರೆ ಬೆರೆಸುವುದು ನಮ್ಮ ಕಡೆಯ ಆಲೆಮನೆಗಳಿಗೆ ಹೊಸದೇನಲ್ಲ. ನಮ್ಮವರ ತಪ್ಪು ಮುಚ್ಚಿಟ್ಟು ಆ್ಯಪ್‌ಗಳಿಗೆ ಮಾತ್ರ ಬೈದರೆ ಅದು ಅರ್ಧ ಸತ್ಯ.

ಆದರೂ ಒಂದು ವ್ಯತ್ಯಾಸ ಇದೆ. ಊರಿನ ಅಂಗಡಿಯವನು ಒಂದು ಸಲ ಮೋಸ ಮಾಡಿದರೆ ಇಡೀ ಊರಿಗೆ ಗೊತ್ತಾಗುತ್ತದೆ. ಅವನು ನಾಳೆಯೂ ಅದೇ ಬೀದಿಯಲ್ಲಿ ಮುಖ ತೋರಿಸಬೇಕು. ಆನ್‌ಲೈನ್ ಮಾರಾಟಗಾರ ಕೆಟ್ಟ ಹೆಸರು ಬಂದ ದಿನ ಆ ಅಂಗಡಿಯ ಬೋರ್ಡು ತೆಗೆದು ಇನ್ನೊಂದು ಹೆಸರಿನಲ್ಲಿ ಬರಬಹುದು. ನಾಚಿಕೆಯ ಭಯ ಇಲ್ಲದ ಕಡೆ ಕಾನೂನಿನ ಭಯ ಇರಬೇಕು.

ನಷ್ಟ ಯಾರಿಗೆ?

ಕೊಂಡವನು ನೂರೋ ಇನ್ನೂರೋ ಕಳೆದುಕೊಳ್ಳುತ್ತಾನೆ. ನಿಜವಾದ ನಷ್ಟ ಬೆಳೆದವನಿಗೆ.

2024ರ ಮಾರ್ಚಿನಲ್ಲಿ ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಬೆಲೆ ದಿಢೀರ್ ಕುಸಿದು ರೈತರು ರೊಚ್ಚಿಗೆದ್ದದ್ದು, ಎಪಿಎಂಸಿ ಕಚೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿ ಬಿದ್ದದ್ದು ಎಲ್ಲರೂ ಓದಿದ್ದೇವೆ. ಆ ಗಲಭೆಯನ್ನು ಸಮರ್ಥಿಸುತ್ತಿಲ್ಲ. ಆದರೆ ಯೋಚಿಸಿ. ಅದೇ ಊರಿನ ಹೆಸರು ಹೊತ್ತ 100 ಗ್ರಾಂ ಪುಡಿಯ ಬೆಲೆ ಮಾರುಕಟ್ಟೆ ಕುಸಿದ ದಿನ ಆ್ಯಪ್‌ನಲ್ಲಿ ಇಳಿಯಿತೇ? ಹೆಸರಿನ ಬೆಲೆ ಹಾಗೇ ನಿಂತಿರುತ್ತದೆ, ಬೆಳೆಯ ಬೆಲೆ ಮಾತ್ರ ಬೀಳುತ್ತದೆ. ಹೆಸರಿನಿಂದ ಬಂದ ಲಾಭ ಹೆಸರು ತಂದುಕೊಟ್ಟವರಿಗೆ ಮುಟ್ಟುವುದಿಲ್ಲ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ.

ಇನ್ನೊಂದು ನಷ್ಟ ಕಣ್ಣಿಗೆ ಕಾಣದ್ದು. ನಮ್ಮ ತಾಲ್ಲೂಕುಗಳಲ್ಲಿ ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಚಟ್ನಿಪುಡಿ, ಹಪ್ಪಳ, ಶಾವಿಗೆ, ರಾಗಿ ಮಾಲ್ಟು ಮಾಡಿ ಮಾರಲು ಒದ್ದಾಡುತ್ತಿದ್ದಾರೆ. ರೈತ ಉತ್ಪಾದಕ ಕಂಪನಿಗಳು ಆನ್‌ಲೈನ್‌ಗೆ ಇಳಿಯುತ್ತಿವೆ. ಇವರು ನಿಜವಾಗಿಯೂ ಮನೆಯಲ್ಲೇ ಮಾಡುತ್ತಾರೆ, ನಿಜವಾಗಿಯೂ ಹಳ್ಳಿಯಿಂದ ನೇರವಾಗಿ ಕಳಿಸುತ್ತಾರೆ. ಆದರೆ ಪರದೆಯ ಮೇಲೆ ಇವರ ಪ್ಯಾಕೆಟ್ಟೂ ಸುಳ್ಳು ಪ್ಯಾಕೆಟ್ಟೂ ಒಂದೇ ಥರ ಕಾಣುತ್ತವೆ. 'ಹಳ್ಳಿಯಿಂದ ನೇರ' ಎಂಬ ಮಾತನ್ನು ಎಲ್ಲರೂ ಬಳಸಿ ಸವೆಸಿಬಿಟ್ಟರೆ, ಅದನ್ನು ಹೇಳುವ ಹಕ್ಕು ಇರುವವರಿಗೆ ಹೇಳಲು ಮಾತೇ ಉಳಿಯುವುದಿಲ್ಲ. ಒಂದು ಸಲ ಮೋಸ ಹೋದ ಗಿರಾಕಿ ಎರಡನೇ ಸಲ ಇಬ್ಬರನ್ನೂ ನಂಬುವುದಿಲ್ಲ. ಸುಳ್ಳಿನವನು ಇನ್ನೊಂದು ಹೆಸರಿಗೆ ಹಾರುತ್ತಾನೆ. ಸಂಘದ ಹೆಣ್ಣುಮಕ್ಕಳಿಗೆ ಹಾರಲು ಇನ್ನೊಂದು ಊರು ಇಲ್ಲ.

'ನಾವು ಮೈದಾನ ಕೊಟ್ಟವರು ಮಾತ್ರ'

ಆ್ಯಪ್ ಕಂಪನಿಗಳನ್ನು ಕೇಳಿದರೆ ಅವರ ಉತ್ತರ ಸಿದ್ಧ ಇರುತ್ತದೆ: 'ನಾವು ಮಧ್ಯವರ್ತಿಗಳು, ಮಾರಿದವರು ಬೇರೆಯವರು.' ಮಾಹಿತಿ ತಂತ್ರಜ್ಞಾನ ಕಾಯ್ದೆಯ 79ನೇ ಸೆಕ್ಷನ್ ಮಧ್ಯವರ್ತಿಗಳಿಗೆ ಷರತ್ತುಗಳೊಂದಿಗೆ ರಕ್ಷಣೆ ಕೊಡುತ್ತದೆ ಎನ್ನುವುದು ನಿಜ.

ಆದರೆ ಇವರು ಬರೀ ಮೈದಾನ ಕೊಟ್ಟವರೇ? ಸಂತೆಯ ಸುಂಕ ಎತ್ತುವವನು ಯಾವ ಅಂಗಡಿಯ ಮುಂದೆ ಜನ ನಿಲ್ಲಬೇಕು ಎಂದು ತೀರ್ಮಾನಿಸುವುದಿಲ್ಲ. ಇವರು ಯಾವ ಪ್ಯಾಕೆಟ್ ಮೊದಲು ಕಾಣಬೇಕು ಎಂದು ತೀರ್ಮಾನಿಸುತ್ತಾರೆ, ಮೊದಲು ಕಾಣಿಸಲು ಜಾಹೀರಾತಿನ ದುಡ್ಡು ತೆಗೆದುಕೊಳ್ಳುತ್ತಾರೆ, ಎಷ್ಟೋ ಸಲ ತಮ್ಮದೇ ಗೋದಾಮಿನಲ್ಲಿ ಮಾಲು ಇಟ್ಟು, ತಮ್ಮದೇ ಪೆಟ್ಟಿಗೆಯಲ್ಲಿ ಹಾಕಿ, ತಮ್ಮದೇ ಹುಡುಗರಿಂದ ತಲುಪಿಸುತ್ತಾರೆ. ನಮ್ಮ ದುಡ್ಡು ಮೊದಲು ಹೋಗುವುದೂ ಅವರ ಕೈಗೇ. ಲಾಭದಲ್ಲಿ ಪಾಲು ಇರುವಾಗ ಹೊಣೆಯಲ್ಲಿ ಪಾಲು ಬೇಡ ಎನ್ನುವುದು ಯಾವ ನ್ಯಾಯ?

ಕಾನೂನು ಕೂಡ ಅವರನ್ನು ಪೂರ್ತಿ ಬಿಟ್ಟಿಲ್ಲ. 2018ರ ಜನವರಿ 1ರಿಂದ, ಪ್ಯಾಕೆಟ್ ಮೇಲೆ ಇರಬೇಕಾದ ಎಂಆರ್‌ಪಿ, ತೂಕ, ತಯಾರಕರ ಇಲ್ಲವೇ ಪ್ಯಾಕ್ ಮಾಡಿದವರ ಹೆಸರು ವಿಳಾಸ ಮುಂತಾದ ವಿವರಗಳನ್ನು ಆನ್‌ಲೈನ್ ಪುಟದ ಮೇಲೂ ತೋರಿಸುವುದು ಕಡ್ಡಾಯ. 2020ರ ಜುಲೈಯಲ್ಲಿ ಬಂದ ಇ-ಕಾಮರ್ಸ್ ನಿಯಮಗಳ ಪ್ರಕಾರ ಮಾರಾಟಗಾರರ ಹೆಸರು, ವಿಳಾಸ ತೋರಿಸಬೇಕು. ದೂರು ಪರಿಹಾರದ ಅಧಿಕಾರಿ ಇರಬೇಕು. ಆ ಅಧಿಕಾರಿ 48 ಗಂಟೆಯೊಳಗೆ ದೂರು ಬಂದಿದೆ ಎಂದು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹಾರ ಕೊಡಬೇಕು. ಮಾರಾಟಗಾರರು ತಾವೇ ಗಿರಾಕಿಗಳಂತೆ ನಟಿಸಿ ಸುಳ್ಳು ವಿಮರ್ಶೆ ಬರೆಯುವಂತಿಲ್ಲ. ನಿಯಮಕ್ಕೆ ಬರ ಇಲ್ಲ, ಅದನ್ನು ಕೇಳುವವರಿಗೆ ಬರ.

ಕೊಳ್ಳುವ ಮೊದಲು, ಕೊಂಡ ಮೇಲೆ

ಹಾಗಾದರೆ ನಾವು ಮಾಡಬಹುದಾದ್ದು ಏನು?

ಒಂದು, ಯಾವುದೇ ದಿನಸಿಯನ್ನು ಕೆಜಿ ಲೆಕ್ಕಕ್ಕೆ ತಿರುಗಿಸಿ ನೋಡಿ. ಫೋನ್‌ನಲ್ಲೇ ಕ್ಯಾಲ್ಕುಲೇಟರ್ ಇದೆ.

ಎರಡು, ಹಿಂಭಾಗದ ಲೇಬಲ್ ಫೋಟೊ ಇಲ್ಲದ ಸರಕು ಕೊಳ್ಳಬೇಡಿ. ಲೇಬಲ್‌ನಲ್ಲಿ 'ತಯಾರಿಸಿದವರು', 'ಪ್ಯಾಕ್ ಮಾಡಿದವರು', 'ಮಾರಾಟ ಮಾಡುವವರು' ಮೂರೂ ಬೇರೆ ಬೇರೆ ಮಾತುಗಳು. ಮುಂಭಾಗದಲ್ಲಿ ಮಂಡ್ಯ, ಹಿಂಭಾಗದಲ್ಲಿ ಪ್ಯಾಕ್ ಮಾಡಿದ ಊರು ಬೇರೆ ರಾಜ್ಯದ್ದು ಎಂದಾದರೆ ಅನುಮಾನ ಪಡಿ. ಅದೊಂದರಿಂದಲೇ ಮೋಸ ಎಂದು ಸಾಬೀತಾಗುವುದಿಲ್ಲ, ಆದರೆ ಪ್ರಶ್ನೆ ಕೇಳಲು ಅಷ್ಟು ಸಾಕು.

ಮೂರು, ಎಫ್‌ಎಸ್‌ಎಸ್‌ಎಐ ನಂಬರು 14 ಅಂಕಿಯದ್ದು. ಅದು ಇದೆ ಎಂದರೆ ವ್ಯಾಪಾರ ಮಾಡಲು ಪರವಾನಗಿ ಅಥವಾ ನೋಂದಣಿ ಇದೆ ಎಂದಷ್ಟೇ ಅರ್ಥ. ಒಳಗಿನ ಸರಕನ್ನು ಸರ್ಕಾರ ಪರೀಕ್ಷೆ ಮಾಡಿ ಒಪ್ಪಿದೆ ಎಂದಲ್ಲ. ಆ ನಂಬರನ್ನು ಪ್ರಾಧಿಕಾರದ ಫಾಸ್ಕಾಸ್ ಜಾಲತಾಣದಲ್ಲಿ ಹಾಕಿ ಯಾರ ಹೆಸರಿನಲ್ಲಿದೆ ಎಂದು ನೋಡಬಹುದು.

ನಾಲ್ಕು, ಪಾರ್ಸೆಲ್ ಬಿಚ್ಚುವಾಗ ವಿಡಿಯೊ ಮಾಡಿಕೊಳ್ಳಿ. ಆ್ಯಪ್‌ನ ಪುಟದ ಸ್ಕ್ರೀನ್‌ಶಾಟ್, ಬಿಲ್ಲು, ಪ್ಯಾಕೆಟ್ಟಿನ ಎರಡೂ ಬದಿಯ ಫೋಟೊ ಇಟ್ಟುಕೊಳ್ಳಿ. ಪುಟವನ್ನು ಅವರು ಯಾವಾಗ ಬೇಕಾದರೂ ಬದಲಿಸಬಹುದು, ನಿಮ್ಮ ಸ್ಕ್ರೀನ್‌ಶಾಟ್ ಬದಲಾಗುವುದಿಲ್ಲ.

ಐದು, ದೂರು ಕೊಡಿ. ಮೊದಲು ಆ್ಯಪ್‌ನಲ್ಲೇ ಕೊಟ್ಟು ದೂರಿನ ಸಂಖ್ಯೆ ಪಡೆಯಿರಿ. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನೀವು ವಾಸ ಇರುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಮಾರಿದವನು ಸೂರತ್ತಿನಲ್ಲಿರಲಿ, ಗುರುಗ್ರಾಮದಲ್ಲಿರಲಿ, ನೀವು ಅಲ್ಲಿಗೆ ಅಲೆಯಬೇಕಿಲ್ಲ. ಕೊಂಡ ಸರಕಿನ ಬೆಲೆ 5 ಲಕ್ಷ ರೂಪಾಯಿವರೆಗೆ ಇದ್ದರೆ ಶುಲ್ಕ ಇಲ್ಲ. ವಕೀಲರನ್ನು ಇಡಲೇಬೇಕೆಂದಿಲ್ಲ. ಎರಡು ವರ್ಷದೊಳಗೆ ಹಾಕಬೇಕು. ಆಹಾರದ ಗುಣಮಟ್ಟದ ಅನುಮಾನ ಇದ್ದರೆ ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗೆ ಬರೆದುಕೊಡಿ. ಕೊಂಡ ಗ್ರಾಹಕರೇ ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಲೂ ಕಾಯ್ದೆಯಲ್ಲಿ ಅವಕಾಶ ಇದೆ.

'150 ರೂಪಾಯಿಗೆ ಯಾರು ಅಲೆಯುತ್ತಾರೆ ಬಿಡಣ್ಣ' ಎನ್ನುತ್ತೀರಿ. ಮೋಸದ ವ್ಯಾಪಾರ ನಿಂತಿರುವುದೇ ಆ ಮಾತಿನ ಮೇಲೆ. ಒಬ್ಬರ 150 ರೂಪಾಯಿ ಅವನಿಗೆ ದೊಡ್ಡದಲ್ಲ, ಸಾವಿರ ಮಂದಿಯ 150 ರೂಪಾಯಿ ಒಂದೂವರೆ ಲಕ್ಷ. 1915ಕ್ಕೆ ಒಂದು ಕರೆ ಮಾಡಲು ಬಸ್ಸು ಹತ್ತಬೇಕಿಲ್ಲ.

ಬದಲಾಗಬೇಕಾದ್ದು

ಆದರೆ ಎಲ್ಲ ಭಾರವನ್ನೂ ಕೊಳ್ಳುವವನ ತಲೆಗೆ ಕಟ್ಟುವುದು ಸರಿಯಲ್ಲ. ಕೂಲಿಯಿಂದ ಬಂದು ರಾತ್ರಿ ಒಂಬತ್ತಕ್ಕೆ ಫೋನ್ ಹಿಡಿಯುವ ಅಕ್ಕನಿಗೆ ನಿಯಮಾವಳಿ ಓದು ಎನ್ನುವುದು ಸುಲಭ.

ಆ್ಯಪ್ ಕಂಪನಿಗಳು ಮೂರು ಕೆಲಸ ಮಾಡಲಿ. ಪ್ರತಿ ದಿನಸಿಗೂ ಕೆಜಿ ಅಥವಾ ಲೀಟರ್ ಲೆಕ್ಕದ ಬೆಲೆಯನ್ನು ಬೆಲೆಯಷ್ಟೇ ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ ತೋರಿಸಲಿ. ಓದಲು ಬರುವ ಹಿಂಭಾಗದ ಲೇಬಲ್ ಇಲ್ಲದೆ ಯಾವ ಆಹಾರವನ್ನೂ ಮಾರಾಟಕ್ಕೆ ಏರಿಸದಿರಲಿ. ಬ್ಯಾಡಗಿ, ಕಲಬುರಗಿ ತೊಗರಿ, ಕೊಡಗಿನ ಕಾಫಿಯಂಥ ಜಿಐ ಹೆಸರನ್ನೂ 'ಸಾವಯವ' ಎಂಬ ಮಾತನ್ನೂ ದಾಖಲೆ ತೋರಿಸದವರಿಗೆ ಬಳಸಲು ಬಿಡದಿರಲಿ. ಒಂದು ಮೊಬೈಲ್ ಫೋನಿನ ನಕಲಿ ಪಟ್ಟಿ ಹಿಡಿಯುವ ತಂತ್ರಜ್ಞಾನ ಇರುವವರಿಗೆ ಇದು ಕಷ್ಟದ ಕೆಲಸವಲ್ಲ.

ಸರ್ಕಾರದ ಅಧಿಕಾರಿಗಳು ಹಬ್ಬದ ಮುಂಚೆ ಬೇಕರಿಗೆ ಹೋಗಿ ಮಾದರಿ ತೆಗೆಯುವ ಹಾಗೆ ಆ್ಯಪ್‌ನಲ್ಲೂ ಗಿರಾಕಿಯಂತೆ ಆರ್ಡರ್ ಮಾಡಿ ಮಾದರಿ ತೆಗೆಯಲಿ, ಫಲಿತಾಂಶವನ್ನು ಹೆಸರು ಸಮೇತ ಪ್ರಕಟಿಸಲಿ. ತಪ್ಪು ಲೇಬಲ್‌ಗೆ 3 ಲಕ್ಷದವರೆಗೆ, ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷದವರೆಗೆ ದಂಡ ಹಾಕಲು ಆಹಾರ ಸುರಕ್ಷತಾ ಕಾಯ್ದೆಯಲ್ಲಿ ಅವಕಾಶ ಇದೆ. ಬಳಸದ ಕತ್ತಿಗೆ ತುಕ್ಕು ಹಿಡಿಯುತ್ತದೆ.

ನಮ್ಮ ಕಡೆಯಿಂದಲೂ ಒಂದು ಕೆಲಸ ಬಾಕಿ ಇದೆ. ರೈತ ಉತ್ಪಾದಕ ಕಂಪನಿಗಳು, ಬೆಳೆಗಾರರ ಸಂಘಗಳು, ಸ್ವಸಹಾಯ ಸಂಘಗಳು ತಿಂಗಳಿಗೊಮ್ಮೆ ಕೂತು ತಮ್ಮ ಊರಿನ, ತಮ್ಮ ಬೆಳೆಯ ಹೆಸರನ್ನು ಆ್ಯಪ್‌ಗಳಲ್ಲಿ ಹುಡುಕಿ ನೋಡಲಿ. ಸಂಘದಲ್ಲಿ ಓದಿದ ಹುಡುಗಿಯೊಬ್ಬಳು ಇದ್ದೇ ಇರುತ್ತಾಳೆ, ಅವಳಿಗೆ ಈ ಕೆಲಸ ಒಪ್ಪಿಸಿ. ಯಾರು ಆ ಹೆಸರಿನಲ್ಲಿ ಏನು ಮಾರುತ್ತಿದ್ದಾರೆ ಎಂದು ಪಟ್ಟಿ ಮಾಡಿ, ಸಂಘದ ಲೆಟರ್‌ಹೆಡ್ ಮೇಲೆ ದೂರು ಬರೆಯಿರಿ. ಒಬ್ಬ ಗಿರಾಕಿಯ ದೂರನ್ನು ಬದಿಗೆ ತಳ್ಳಬಹುದು, ಒಂದು ತಾಲ್ಲೂಕಿನ ಬೆಳೆಗಾರರ ದೂರನ್ನು ಅಷ್ಟು ಸುಲಭವಾಗಿ ತಳ್ಳಲಾಗದು.

ಹೊಲದ ಬದುವನ್ನು ಯಾರಾದರೂ ಒಂದು ಗೇಣು ಒತ್ತಿದರೂ ನಾವು ಪಂಚಾಯಿತಿ ಸೇರಿಸುತ್ತೇವೆ. ಊರಿನ ಹೆಸರು ಕೂಡ ತಲೆಮಾರುಗಳಿಂದ ಬೆವರು ಸುರಿಸಿ ಸಂಪಾದಿಸಿದ ಆಸ್ತಿಯೇ. ಅದನ್ನು ಒತ್ತುವರಿ ಮಾಡಿದವರನ್ನೂ ಅದೇ ಹಟದಿಂದ ಕೇಳಬೇಕು.